ಶಿರಸಿ–ಕಾರವಾರದಿಂದ ಸ್ವೀಡನ್‌ಗೆ: ಹೊಸದಾಗಿ ಹೋದವರಿಗೆ ಅಲ್ಲಿನ ಸೇವೆಗಳು ಹೇಗೆ ಒದಗುತ್ತವೆ?

ಸ್ವೀಡನ್ನಿನ ಕಚೇರಿ, ಬ್ಯಾಂಕು, ಆಸ್ಪತ್ರೆ, ಶಾಲೆ ಎಲ್ಲ ಚೆನ್ನಾಗಿವೆ ಎಂದು ಕೇಳಿಯೇ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಅತ್ತ ಹೊರಡುವುದು. ಅದು ಸುಳ್ಳಲ್ಲ. ಆದರೆ ಆ ಒಳ್ಳೆಯತನವೆಲ್ಲ ಅನುಭವಕ್ಕೆ ಬರುವುದು ಒಂದು ಸಂಖ್ಯೆ ಕೈಗೆ ಬಂದ ಮೇಲೆ. ಅಲ್ಲಿಯವರೆಗಿನ ಮೊದಲ ಎರಡು ಮೂರು ತಿಂಗಳು ಏನೂ ಮುಂದೆ ಸಾಗದ ಹಾಗೆ ಆಗುತ್ತದೆ, ಯಾಕೆ ಎಂದು ತಿಳಿಯದೆ ತ್ರಾಸು ಪಡುವವರೇ ಹೆಚ್ಚು. ಹಾಗಾಗಿ ಇಲ್ಲಿ ಪ್ರತಿಯೊಂದು ಸೇವೆಗೂ ಕೇಳಿರುವ ಪ್ರಶ್ನೆ ಒಂದೇ: ಯಲ್ಲಾಪುರದಿಂದಲೋ ಕುಮಟೆಯಿಂದಲೋ ಮೊನ್ನೆ ಬಂದಿಳಿದ, ಇನ್ನೂ ಸಂಖ್ಯೆ ಸಿಗದ ಸಂಸಾರವನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ?

ಆ ಸಂಖ್ಯೆಯ ಹೆಸರು ಪರ್ಸೂನ್‌ನುಮ್ಮರ್. 1947ರಿಂದ ಬಳಕೆಯಲ್ಲಿದೆ. ಹುಟ್ಟಿದ ವರ್ಷ, ತಿಂಗಳು, ದಿನ, ಆಮೇಲೆ ನಾಲ್ಕು ಅಂಕಿ. ಆ ನಾಲ್ಕರಲ್ಲಿ ಮೂರನೆಯದು ಗಂಡಸರಿಗೆ ಬೆಸ, ಹೆಂಗಸರಿಗೆ ಸಮ. ಕೊನೆಯದು ಲೆಕ್ಕ ತಾಳೆ ನೋಡುವ ಅಂಕಿ. ಕೊಡುವುದು ತೆರಿಗೆ ಇಲಾಖೆ, ಸ್ಕಾಟೆವರ್ಕೆಟ್. ನಮ್ಮಲ್ಲಿ ಜನನದ ದಾಖಲೆಗೆ ಪಂಚಾಯ್ತಿ, ಮದುವೆಗೆ ಸಬ್ ರಿಜಿಸ್ಟ್ರಾರ್, ತೆರಿಗೆಗೆ ಇನ್ನೊಂದು ಕಚೇರಿ. ಅಲ್ಲಿ ಮೂರೂ ಇದೇ ಇಲಾಖೆಯ ಕೈಯಲ್ಲಿವೆ. 1991ರವರೆಗೆ ಜನರ ನೋಂದಣಿ ಚರ್ಚಿನ ಸುಪರ್ದಿಯಲ್ಲಿತ್ತು, ಆ ವರ್ಷ ತೆರಿಗೆ ಇಲಾಖೆಗೆ ಬಂತು.

ನೋಂದಣಿಗೆ ಮುಖ್ಯ ಶರತ್ತು, ಕನಿಷ್ಠ ಒಂದು ವರ್ಷ ಅಲ್ಲಿ ವಾಸ ಮಾಡುವವರಾಗಿರಬೇಕು, ಅದಕ್ಕೆ ತಕ್ಕ ವಾಸದ ಪರವಾನಗಿಯೂ ಇರಬೇಕು. ಎಡವಟ್ಟಾಗುವುದು ಇಲ್ಲೇ. ಪರವಾನಗಿ ಹತ್ತು ಹನ್ನೊಂದು ತಿಂಗಳಿಗೆ ಸಿಕ್ಕಿದ್ದರೆ ಪರ್ಸೂನ್‌ನುಮ್ಮರ್ ಸಿಗುವುದಿಲ್ಲ. ಅದರ ಬದಲು ಸಮೂರ್ಡ್ನಿಂಗ್ಸ್‌ನುಮ್ಮರ್ ಎಂಬ ತಾತ್ಕಾಲಿಕ ಸಂಖ್ಯೆ ಇದೆ. ಹುಟ್ಟಿದ ದಿನಕ್ಕೆ 60 ಕೂಡಿಸಿರುತ್ತಾರೆ, 14ನೇ ತಾರೀಕು 74 ಆಗಿ ಕಾಣುತ್ತದೆ. ಸಂಬಳ, ತೆರಿಗೆಗೆ ಅದು ಸಾಕು, ಉಳಿದ ಬಹಳಷ್ಟು ಬಾಗಿಲು ಅದರಿಂದ ತೆರೆಯುವುದಿಲ್ಲ. ಕೆಲಸ ಕೊಡುವ ಕಂಪನಿಯ ಪತ್ರದಲ್ಲಿ ಅವಧಿ ಎಷ್ಟಿದೆ, ಪಾಸ್‌ಪೋರ್ಟ್ ಎಂದಿಗೆ ಮುಗಿಯುತ್ತದೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ನೋಡಬೇಕು. ಪಾಸ್‌ಪೋರ್ಟ್ ಅವಧಿ ಮೀರಿ ಪರವಾನಗಿ ಕೊಡುವುದಿಲ್ಲ. ಒಂಬತ್ತು ತಿಂಗಳಲ್ಲಿ ಮುಗಿಯುವ ಪಾಸ್‌ಪೋರ್ಟ್ ಹಿಡಿದು ಅರ್ಜಿ ಹಾಕಿದರೆ ಸರಪಳಿಯ ಮೊದಲ ಕೊಂಡಿಯೇ ಕಳಚಿದ ಹಾಗೆ.

ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿಸಿಟ್ಟು, ಆಮೇಲೆ ಸರಕಾರಿ ಸೇವಾ ಕಚೇರಿಗೆ ಮನೆಮಂದಿಯೆಲ್ಲ ಖುದ್ದಾಗಿ ಹೋಗಬೇಕು, ಕೈಗೂಸೂ ಸೇರಿ. ಪಾಸ್‌ಪೋರ್ಟ್, ಪರವಾನಗಿ ಕಾರ್ಡು, ವಾಸದ ವಿಳಾಸ, ಮದುವೆ ಮತ್ತು ಮಕ್ಕಳ ಜನನ ಪ್ರಮಾಣಪತ್ರ ಬೇಕು. ಕೆಲವು ವಾರಗಳಲ್ಲಿ ಅಂಚೆಯಲ್ಲಿ ಪತ್ರ ಬರುತ್ತದೆ. ಇಲಾಖೆಯ ಸಿಬ್ಬಂದಿ ಇಂಗ್ಲಿಷಿನಲ್ಲಿ ತಾಳ್ಮೆಯಿಂದ ಮಾತಾಡುತ್ತಾರೆ, ಲಂಚ ಶಿಫಾರಸಿನ ಮಾತೇ ಇಲ್ಲ, ಕಾಗದ ಸರಿ ಇದ್ದರೆ ಕೆಲಸ ತಾನಾಗಿ ಆಗುತ್ತದೆ. ಕಾಗದ ಸರಿ ಇಲ್ಲದಿದ್ದರೆ ಯಾರ ಹೆಸರು ಹೇಳಿದರೂ ಆಗುವುದಿಲ್ಲ. ಹತ್ತಕ್ಕೆ ಒಂಬತ್ತು ಕೊಡಬಹುದಾದ ಕಚೇರಿ.

ಆ ಕಾಗದಗಳ ಕೆಲಸ ಮಾತ್ರ ಊರಲ್ಲೇ ಮುಗಿಯಬೇಕು. ನಮ್ಮ ಕಡೆ ಮೂರು ತೊಡಕು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು ಹೆಸರು. ಅಪ್ಪನ ಹೆಸರು, ಊರಿನ ಹೆಸರು, ಮನೆತನದ ಹೆಸರು ಸೇರಿ ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಆಧಾರದಲ್ಲಿ ಇನ್ನೊಂದು ರೀತಿ ಇರುತ್ತದೆ. ಕೆಲವರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗವೇ ಖಾಲಿ. ಪರವಾನಗಿ, ನೋಂದಣಿ, ಬ್ಯಾಂಕು ಎಲ್ಲವೂ ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನೇ ಹಿಡಿಯುತ್ತವೆ. ಹೆಗಡೆ, ಭಟ್ಟ, ನಾಯ್ಕ, ಗಾಂವಕರ ಯಾವುದೇ ಇರಲಿ, ಅದು ಅಡ್ಡಹೆಸರಿನ ಜಾಗದಲ್ಲೇ ಇರುವ ಹಾಗೆ ಅರ್ಜಿಗೆ ಮೊದಲೇ ತಿದ್ದಿಸಿಕೊಳ್ಳಿ. ಆಮೇಲೆ ತಿದ್ದಿಸಹೊರಟರೆ ನಾಲ್ಕು ಕಡೆ ತಿದ್ದಿಸಬೇಕಾಗುತ್ತದೆ. ಎರಡನೆಯದು ಮದುವೆ. ಮನೆಯಂಗಳದಲ್ಲೋ ದೇವಸ್ಥಾನದಲ್ಲೋ ಮದುವೆಯಾಗಿ ನೋಂದಣಿಯನ್ನು ಹಾಗೇ ಬಿಟ್ಟವರು ಬಹಳ. ಲಗ್ನಪತ್ರಿಕೆ, ಫೋಟೋ ಅಲ್ಲಿ ನಡೆಯುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಪ್ರಮಾಣಪತ್ರವೇ ಬೇಕು. ಮೂರನೆಯದು ಹಳೆಯ ಜನನ ಪ್ರಮಾಣಪತ್ರ. ಕೈಬರಹದ, ಕನ್ನಡ ಮಾತ್ರ ಇರುವ ಪ್ರತಿಯಾದರೆ ಕನ್ನಡ–ಇಂಗ್ಲಿಷ್ ಎರಡೂ ಇರುವ ಗಣಕೀಕೃತ ಪ್ರತಿ ತೆಗೆಸಿ, ಇಲ್ಲವೇ ಅಧಿಕೃತ ಅನುವಾದ ಮಾಡಿಸಿ. ಮದುವೆ, ಜನನದ ಪತ್ರಗಳಿಗೆ ರಾಜ್ಯದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಹೊರದೇಶದಲ್ಲೂ ಒಪ್ಪುವ ದೃಢೀಕರಣ, ಮಾಡಿಸಿಟ್ಟರೆ ನಿಶ್ಚಿಂತೆ. ಭಾರತ ಅಪೊಸ್ಟಿಲ್ ಒಪ್ಪಂದದಲ್ಲಿ 2005ರಿಂದ ಇದೆ. ಇದಕ್ಕೆ ಶಿರಸಿಯಿಂದ ಬೆಂಗಳೂರಿಗೆ ಓಡಾಟ ಇದ್ದೇ ಇದೆ, ಆದರೆ ಅಲ್ಲಿ ಕುಳಿತು ಇಲ್ಲಿಯ ಅಪ್ಪನನ್ನೋ ಭಾವನನ್ನೋ ಓಡಾಡಿಸುವುದಕ್ಕಿಂತ ಇದು ಸುಲಭ.

ಸಂಖ್ಯೆ ಬಂದ ಮೇಲೆ ಗುರುತಿನ ಚೀಟಿ. ಸ್ಕಾಟೆವರ್ಕೆಟ್ಟೇ ಕೊಡುತ್ತದೆ, 13 ವರ್ಷ ದಾಟಿ ಅಲ್ಲಿ ನೋಂದಣಿ ಆದವರಿಗೆ. ಶುಲ್ಕ ಮೊದಲೇ ಕಟ್ಟಿ, ಸಮಯ ಕಾದಿರಿಸಿ ಹೋಗಬೇಕು. ಫೋಟೋ ಅವರೇ ತೆಗೆಯುತ್ತಾರೆ, ಎತ್ತರ ಅಳೆಯುತ್ತಾರೆ, ಸಹಿ ತೆಗೆದುಕೊಳ್ಳುತ್ತಾರೆ. ಎಲ್ಲ ಊರಿನ ಕಚೇರಿಯಲ್ಲೂ ಈ ಸೌಲಭ್ಯ ಇಲ್ಲ, ಹತ್ತಿರದ್ದು ಯಾವುದು ಎಂದು ನೋಡಿಕೊಳ್ಳಿ. ಸಂಖ್ಯೆಯ ಪತ್ರ ಕೈಗೆ ಬಂದ ದಿನವೇ ಇದಕ್ಕೆ ಸಮಯ ಹಿಡಿಯಬೇಕು. ಬ್ಯಾಂಕಿನವರು ನಂಬುವುದು ಈ ಚೀಟಿಯನ್ನು.

ಬ್ಯಾಂಕುಗಳ ಬಗ್ಗೆ ನಮ್ಮ ಅಭಿಪ್ರಾಯ ಅಷ್ಟು ಒಳ್ಳೆಯದಿಲ್ಲ. ಸಂಖ್ಯೆ, ಚೀಟಿ ಎರಡೂ ಇದ್ದವರಿಗೆ ಸೇವೆ ನುಣುಪಾಗಿದೆ, ಇಲ್ಲದವರನ್ನು ಶಾಖೆಯಿಂದ ಶಾಖೆಗೆ ಅಲೆಸುವುದುಂಟು. ಆದರೆ ಒಂದು ಹಕ್ಕು ಗೊತ್ತಿರಲಿ: ಯುರೋಪಿನ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ವಾಸವಾಗಿರುವ ಯಾರಿಗೇ ಆದರೂ ಮೂಲ ಪಾವತಿ ಖಾತೆ ಕೊಡಬೇಕೆಂದು 2014ರ ನಿರ್ದೇಶನ ಹೇಳುತ್ತದೆ. ಪರ್ಸೂನ್‌ನುಮ್ಮರ್ ಇಲ್ಲ ಎಂಬ ಒಂದೇ ಕಾರಣಕ್ಕೆ ಆಗುವುದಿಲ್ಲ ಎಂದರೆ ನಿರಾಕರಣೆಯನ್ನು ಬರೆದು ಕೊಡಿ ಎಂದು ಸೌಮ್ಯವಾಗಿ ಕೇಳಬಹುದು. ಉದ್ಯೋಗದ ಕರಾರು, ಪರವಾನಗಿ ಕಾರ್ಡು, ಹಣದ ಮೂಲದ ವಿವರ ಜೊತೆಗಿರಲಿ.

ಖಾತೆಗಿಂತ ಮುಖ್ಯವಾದದ್ದು ಬ್ಯಾಂಕ್‌ಐಡಿ. 2003ರಲ್ಲಿ ಬ್ಯಾಂಕುಗಳೇ ಕೂಡಿ ತಂದ ಗುರುತಿನ ವ್ಯವಸ್ಥೆ, ಈಗ ಫೋನಿನಲ್ಲಿರುವ ಒಂದು ಆ್ಯಪ್. ತೆರಿಗೆ ವಿವರ, ವೈದ್ಯರ ಸಮಯ, ಶಾಲೆಯ ಅರ್ಜಿ, ಬಾಡಿಗೆ ಕರಾರಿನ ಸಹಿ, ಅಂಚೆ ಪೊಟ್ಟಣ ಬಿಡಿಸಿಕೊಳ್ಳುವುದು ಎಲ್ಲಕ್ಕೂ ಇದೇ. ಅದರ ಬೆನ್ನಿಗೆ ಸ್ವಿಶ್, 2012ರಲ್ಲಿ ಬಂದದ್ದು, ಫೋನ್ ನಂಬರಿಗೆ ಹಣ ಕಳಿಸುವ ಪದ್ಧತಿ. ಶಿರಸಿ ಸಂತೆಯಲ್ಲಿ ಸೊಪ್ಪಿಗೂ ಫೋನಿನಲ್ಲೇ ದುಡ್ಡು ಕೊಡುವ ನಮಗೆ ಇದು ಹೊಸದೇನಲ್ಲ, ಆದರೆ ಬ್ಯಾಂಕ್‌ಐಡಿ ಇಲ್ಲದೆ ಸ್ವಿಶ್ ಇಲ್ಲ. ನೋಟು ತೆಗೆದುಕೊಳ್ಳದ ಅಂಗಡಿ, ಕಾಫಿ ಹೋಟೆಲು ಬಹಳ. ಹಾಗಾಗಿ ಮೊದಲ ತಿಂಗಳುಗಳಿಗೆ ವಿದೇಶದಲ್ಲಿ ನಡೆಯುವ ಭಾರತೀಯ ಕಾರ್ಡು ಎರಡು ಬೇರೆ ಬೇರೆ ಬ್ಯಾಂಕಿನದು ಇಟ್ಟುಕೊಳ್ಳಿ. ಸ್ಟಾಕ್‌ಹೋಮಿನ ಮೆಟ್ರೋ, ಬಸ್ಸಿನಲ್ಲಿ ಅದೇ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿದರೆ ಟಿಕೇಟಾಗುತ್ತದೆ. ಒಟಿಪಿ ಬರುವ ಊರಿನ ಸಿಮ್ಮನ್ನು ಸಾಯಲು ಬಿಡಬಾರದು. ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿ ಭಾರತೀಯರ ಖಾತೆಯಾಗಿ ಬದಲಿಸಿಕೊಳ್ಳುವುದನ್ನೂ ಮರೆಯಬಾರದು. ಮತ್ತೊಂದು ಎಚ್ಚರಿಕೆ: ಯಾರೇ ಫೋನ್ ಮಾಡಿ, ಬ್ಯಾಂಕಿನವರು, ಪೊಲೀಸರು ಎಂದು ಹೇಳಿ ಬ್ಯಾಂಕ್‌ಐಡಿ ತೆರೆಯಿರಿ ಎಂದರೆ ಫೋನ್ ಇಟ್ಟುಬಿಡಿ. ಖಾತೆ ಬರಿದಾಗುವುದು ಆ ಒಂದು ಒತ್ತಿನಿಂದ.

ಮನೆಯ ವಿಷಯದಲ್ಲಿ ಸ್ವೀಡನ್ ಹೊಸಬರಿಗೆ ಕಠಿಣ. ಸ್ಟಾಕ್‌ಹೋಮ್ ನಗರದ ವಸತಿ ಸರದಿಗೆ ಯಾರೂ ಸೇರಬಹುದು, ವರ್ಷಕ್ಕೆ ಸಣ್ಣ ಶುಲ್ಕ. ಆದರೆ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು, ನಗರದ ನಡುವಿನ ಮನೆಗೆ ಹತ್ತು ವರ್ಷ ದಾಟುತ್ತದೆ. ಹೋದ ಕೂಡಲೇ ಸೇರಿಬಿಡುವುದು ಒಳ್ಳೆಯದು, ಆದರೆ ಅದನ್ನೇ ನಂಬಿ ಕೂರಬಾರದು. ನಿಜವಾಗಿ ಸಿಗುವುದು ಅಂದ್ರಾಹಾಂದ್, ಅಂದರೆ ಮನೆ ಹಿಡಿದವರು ಮತ್ತೊಬ್ಬರಿಗೆ ಕೊಡುವ ಬಾಡಿಗೆ. ಇದರಲ್ಲಿ ಮೂರು ವಿಷಯ ಬಿಗಿಯಾಗಿ ಹಿಡಿಯಬೇಕು. ಕಟ್ಟಡದ ಮಾಲೀಕನ ಅಥವಾ ವಸತಿ ಸಂಘದ ಒಪ್ಪಿಗೆ ಬರಹದಲ್ಲಿ ಇದೆಯೇ? ಇಲ್ಲದಿದ್ದರೆ ಎಂದಾದರೊಂದು ದಿನ ಖಾಲಿ ಮಾಡಿಸಬಹುದು. ಆ ವಿಳಾಸದಲ್ಲಿ ನಿಮ್ಮ ಹೆಸರು ನೋಂದಣಿ ಮಾಡಿಕೊಳ್ಳಲು ಬಿಡುತ್ತಾರೆಯೇ? ಬಿಡುವುದಿಲ್ಲ ಎಂದರೆ ಬಾಡಿಗೆ ಎಷ್ಟು ಅಗ್ಗವಾದರೂ ಬೇಡ, ಯಾಕೆಂದರೆ ವಿಳಾಸವಿಲ್ಲದೆ ಪರ್ಸೂನ್‌ನುಮ್ಮರಿನ ಕೆಲಸವೇ ನಿಲ್ಲುತ್ತದೆ. ಮೂರನೆಯದು ಹಣ: ಮನೆಯನ್ನು ಕಣ್ಣಾರೆ ನೋಡದೆ, ಕರಾರಿಗೆ ಸಹಿ ಆಗದೆ ಮುಂಗಡ ಕಳಿಸಬಾರದು. ಕಾರವಾರದಲ್ಲಿ ಕುಳಿತವರಿಗೆ ಚಂದದ ಫೋಟೋ ತೋರಿಸಿ, ನಾನು ಲಂಡನ್ನಿನಲ್ಲಿದ್ದೇನೆ, ಕೀಲಿಯನ್ನು ಅಂಚೆಯಲ್ಲಿ ಕಳಿಸುತ್ತೇನೆ ಎನ್ನುವುದು ಹಳೆಯ ಮೋಸ. ಮೊದಲ ತಿಂಗಳಿಗೆ ಕಂಪನಿಯ ಕಡೆಯಿಂದ ತಾತ್ಕಾಲಿಕ ವಸತಿ ಕೇಳಿಕೊಂಡು, ಅಲ್ಲಿದ್ದೇ ಮನೆ ಹುಡುಕುವುದು ಕ್ಷೇಮ.

ಸಣ್ಣ ವಿಷಯ ಅನಿಸಿದರೂ ಪೆಟ್ಟು ದೊಡ್ಡದು: ಬಾಗಿಲಿನ ಅಥವಾ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಇರದಿದ್ದರೆ ಪತ್ರ ಬಂದ ದಾರಿಯಲ್ಲೇ ವಾಪಸ್ ಹೋಗಬಹುದು. ಪರ್ಸೂನ್‌ನುಮ್ಮರಿನ ಪತ್ರವೂ ಹೀಗೆ ತಪ್ಪಬಹುದು. ಕೀಲಿ ಸಿಕ್ಕ ದಿನವೇ ಕಾಗದದ ಮೇಲೆ ಮನೆಯವರೆಲ್ಲರ ಅಡ್ಡಹೆಸರು ಬರೆದು ಅಂಟಿಸಿ.

ಕಟ್ಟಡದ ಬಟ್ಟೆ ಒಗೆಯುವ ಕೋಣೆ, ತ್ವೆತ್‌ಸ್ತೂಗ, ನಾವು ಮನಸಾರೆ ಮೆಚ್ಚುವ ಸೇವೆ. ದೊಡ್ಡ ಯಂತ್ರಗಳು, ಒಣಗಿಸುವ ಕಪಾಟು, ಬಹಳ ಕಡೆ ಬಾಡಿಗೆಯಲ್ಲೇ ಸೇರಿರುತ್ತದೆ. ಆಷಾಢದಲ್ಲಿ ಒಲೆಯ ಮೇಲೆ ಬಟ್ಟೆ ಒಣಗಿಸುವ ಸಿದ್ದಾಪುರದ ಕಡೆಯವರಿಗೆ ಆ ಕಪಾಟಿನ ಬೆಲೆ ಹೇಳಬೇಕಾಗಿಲ್ಲ. ನಿಯಮ ಮಾತ್ರ ಕಟ್ಟುನಿಟ್ಟು: ಹೊತ್ತು ಕಾದಿರಿಸಿ ಬರಬೇಕು, ಮುಗಿಯುವ ಹೊತ್ತಿಗೆ ಖಾಲಿ ಮಾಡಬೇಕು, ಜಾಳಿಗೆಯ ನಾರು ತೆಗೆದು ನೆಲ ಒರೆಸಿ ಹೋಗಬೇಕು. ನೆರೆಹೊರೆಯವರ ಜೊತೆ ಮೊದಲ ಮನಸ್ತಾಪ ಆಗುವುದು ಹೆಚ್ಚಾಗಿ ಇಲ್ಲಿಯೇ. ಕಸದಲ್ಲಿ ಅಡುಗೆ ಕಸವನ್ನು ಬೇರೆ ಮಾಡುವುದು 2024ರ ಜನವರಿಯಿಂದ ದೇಶಕ್ಕೆಲ್ಲ ಕಡ್ಡಾಯ.

ಆಸ್ಪತ್ರೆ ಸೇವೆಯ ಬಗ್ಗೆ ನಮ್ಮವರ ದೂರು ಬಹಳ. ಅರ್ಧ ಭಾಗ ನ್ಯಾಯ, ಅರ್ಧ ಭಾಗ ಅಲ್ಲಿನ ಪದ್ಧತಿ ತಿಳಿಯದ್ದರಿಂದ. ನೇರ ಆಸ್ಪತ್ರೆಗೆ ಹೋಗುವ ರೂಢಿ ಅಲ್ಲಿಲ್ಲ. ಮೊದಲು 1177ಕ್ಕೆ ಫೋನ್. ಹಗಲು ರಾತ್ರಿ ನರ್ಸ್ ಇರುತ್ತಾರೆ, ಇಂಗ್ಲಿಷಿನಲ್ಲೂ ಮಾತಾಡಬಹುದು. ಅವರು ಹೇಳಿದರೆ ಬಡಾವಣೆಯ ವೋರ್ಡ್‌ಸೆಂಟ್ರಾಲಿಗೆ, ಅಂದರೆ ಆರೋಗ್ಯ ಕೇಂದ್ರಕ್ಕೆ. ಜೀವಾಪಾಯವಾದರೆ ಮಾತ್ರ 112. ಕಾಯುವ ಮಿತಿಯನ್ನು ಕಾನೂನೇ ಹೇಳಿದೆ: ಅದೇ ದಿನ ಸಂಪರ್ಕ, ಮೂರು ದಿನದೊಳಗೆ ತಪಾಸಣೆ, 90 ದಿನದೊಳಗೆ ತಜ್ಞರು, ಅದರ ಮುಂದಿನ 90 ದಿನದೊಳಗೆ ಚಿಕಿತ್ಸೆ. ಕೊನೆಯ ಎರಡು ಮಿತಿ ಎಷ್ಟೋ ಕಡೆ ಮೀರುತ್ತವೆ, ಅಲ್ಲಿ ದೂರು ನ್ಯಾಯವಾದದ್ದು. ಆದರೆ ಮಗುವಿಗೆ ಜ್ವರ ಬಂದಾಗ ನೀರು ಕುಡಿಸಿ, ಪ್ಯಾರಸಿಟಮಾಲ್ ಕೊಡಿ, ಕಾಯಿರಿ ಎಂದರೆ ಅದು ಉಡಾಫೆಯಲ್ಲ. ವೈರಸ್ ಜ್ವರಕ್ಕೆ ಆ್ಯಂಟಿಬಯಾಟಿಕ್ ಕೊಡಬಾರದೆಂಬ ಶಿಸ್ತನ್ನು ಸ್ವೀಡನ್ 1995ರಲ್ಲಿ ಸ್ತ್ರಾಮಾ ಎಂಬ ಜಾಲ ಕಟ್ಟಿ ಪಾಲಿಸಿಕೊಂಡು ಬಂದಿದೆ. ಊರಿನ ಡಾಕ್ಟರರ ಹತ್ತಿರ ಹೋದ ಕೂಡಲೇ ಸೂಜಿ, ಮಾತ್ರೆ ಪಡೆದು ಅಭ್ಯಾಸವಾದವರಿಗೆ ಇದು ಒಗ್ಗಲು ಕಾಲ ಬೇಕು. ಫೋನಿನಲ್ಲಿ ಹೇಳುವಾಗ ಜ್ವರ ಎಷ್ಟು ಡಿಗ್ರಿ, ಎಷ್ಟು ದಿನದಿಂದ, ಮಗು ಎಷ್ಟು ಕುಡಿದಿದೆ, ಮೂತ್ರ ಎಷ್ಟು ಹೊತ್ತಿಗೆ ಆಗಿದೆ ಎಂದು ಲೆಕ್ಕವಾಗಿ ಹೇಳಿದರೆ ನರ್ಸಿಗೆ ತೀರ್ಮಾನ ಸುಲಭ. ಸುಮ್ಮನೆ ಬಹಳ ಜ್ವರ ಎಂದರೆ ಮನೆಯಲ್ಲೇ ಇರಿ ಎಂಬ ಉತ್ತರ ಬರುತ್ತದೆ. ಖರ್ಚಿಗೆ ಹನ್ನೆರಡು ತಿಂಗಳ ಮಿತಿಯೊಂದಿದೆ, ಅದು ಮುಟ್ಟಿದ ಮೇಲೆ ತಪಾಸಣೆಗೆ ಶುಲ್ಕ ಇಲ್ಲ. ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆ ತಿನ್ನುವವರು ಔಷಧದ ಮೂಲ ಹೆಸರು ಬರೆದ ಇಂಗ್ಲಿಷ್ ಚೀಟಿಯೊಂದಿಗೆ ಕೆಲವು ವಾರಕ್ಕೆ ಸಾಕಾಗುವಷ್ಟು ಒಯ್ಯಬೇಕು. ಕಂಪನಿಯ ಹೆಸರು ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಮಕ್ಕಳಿದ್ದವರಿಗೆ ಈ ದೇಶದಷ್ಟು ಕೊಡುವ ದೇಶ ಕಡಿಮೆ. ಒಂದು ವರ್ಷದ ಮೇಲೆ ಫೋರ್ಶೂಲ, ಅಂದರೆ ಶಿಶುವಿಹಾರ. ಅರ್ಜಿ ಹಾಕಿದ ನಾಲ್ಕು ತಿಂಗಳಲ್ಲಿ ಜಾಗ ಕೊಡುವುದು ನಗರಸಭೆಯ ಹೊಣೆ. ಶುಲ್ಕ ಆದಾಯದ ಮೇಲೆ, ಮೊದಲ ಮಗುವಿಗೆ ಹೆಚ್ಚೆಂದರೆ ಶೇಕಡಾ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1, ಅದಕ್ಕೂ ಗರಿಷ್ಠ ಮಿತಿ ಉಂಟು. ಮಕ್ಕಳ ಭತ್ಯೆ ತಿಂಗಳಿಗೆ 1250 ಕ್ರೋನಾ. ಹೆತ್ತವರ ರಜೆ ಮಗುವಿಗೆ 480 ದಿನ ಎಂದು ಎಲ್ಲರೂ ಕೇಳಿರುತ್ತಾರೆ, ಆದರೆ ವಲಸೆ ಬಂದವರಿಗೆ ಲೆಕ್ಕ ಬೇರೆ: ಮಗು ಒಂದು ವರ್ಷ ದಾಟಿ ಬಂದರೆ 200 ದಿನ, ಎರಡು ದಾಟಿ ಬಂದರೆ 100 ದಿನ ಮಾತ್ರ. ಕೂಸು ಹುಟ್ಟಿ ಒಂದೂವರೆ ವರ್ಷ ಊರಲ್ಲೇ ಇರಲಿ, ಆಮೇಲೆ ಬರಲಿ ಎಂದು ಯೋಚಿಸುವ ಮನೆಯವರು ಇದನ್ನು ತಿಳಿದು ತೀರ್ಮಾನಿಸಬೇಕು. ಭತ್ಯೆ, ರಜೆಯ ಹಣ ಬರುವುದು ಫೋರ್ಸೆಕ್ರಿಂಗ್ಸ್‌ಕಾಸ್ಸನ್ ಎಂಬ ಸಾಮಾಜಿಕ ವಿಮಾ ಕಚೇರಿಯಿಂದ. ನೋಂದಣಿ ಆದ ಮಾತ್ರಕ್ಕೆ ಅಲ್ಲಿ ಹೆಸರು ಹತ್ತುವುದಿಲ್ಲ, ಬೇರೆಯೇ ಅರ್ಜಿ ಹಾಕಬೇಕು. ಇದನ್ನು ಬಿಟ್ಟುಬಿಟ್ಟು ತಿಂಗಳುಗಟ್ಟಲೆ ಭತ್ಯೆಗೆ ಕಾಯುವವರಿದ್ದಾರೆ.

ಶಾಲೆಯಲ್ಲಿ ಮಧ್ಯಾಹ್ನದ ಊಟ ಉಚಿತ, ಸಸ್ಯಾಹಾರ ಬೇಕೆಂದರೆ ಮೊದಲೇ ಬರೆದು ತಿಳಿಸಿ. ನಮಗೆ ಬಹಳ ಮುಖ್ಯ ಅನಿಸುವ ಇನ್ನೊಂದು ಸೌಲಭ್ಯ ಮಾತೃಭಾಷೆಯ ಪಾಠ. ಒಂದು ನಗರಸಭೆಯಲ್ಲಿ ಕನಿಷ್ಠ ಐದು ಮಕ್ಕಳು ಕೇಳಿದರೆ, ತಕ್ಕ ಶಿಕ್ಷಕರು ಸಿಕ್ಕರೆ, ಆ ಭಾಷೆಯನ್ನು ಸರಕಾರದ ಖರ್ಚಿನಲ್ಲಿ ಕಲಿಸಬೇಕು. ಕನ್ನಡಕ್ಕೂ ಇದು ಅನ್ವಯಿಸುತ್ತದೆ. ಮನೆಯಲ್ಲಿ ಕೊಂಕಣಿ ಆಡುವವರು ಅದನ್ನೇ ಕೇಳಬಹುದು. ಬೇಕಾದದ್ದು ಐದು ಮನೆಯವರು ಒಟ್ಟಾಗಿ ಅರ್ಜಿ ಹಾಕುವುದು, ಡಿಎಡ್ ಅಥವಾ ಬಿಎಡ್ ಮಾಡಿದ ಕನ್ನಡಿಗರೊಬ್ಬರನ್ನು ಹುಡುಕಿ ನಗರಸಭೆಗೆ ತಿಳಿಸುವುದು. ದೊಡ್ಡವರಿಗೆ ಸ್ವೀಡಿಷ್ ಕಲಿಸುವ ಎಸ್‌ಎಫ್‌ಐ ಉಚಿತ. ಎ ಯಿಂದ ಡಿ ವರೆಗೆ ನಾಲ್ಕು ಹಂತ. ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ ಎಂದು ಬಿಡುವವರಿಗೆ ಎರಡನೇ ಕೆಲಸ ಹುಡುಕುವಾಗ ಕಷ್ಟ. ಜೊತೆಗೆ ಹೋದ ಗಂಡನೋ ಹೆಂಡತಿಯೋ ಮೊದಲ ತಿಂಗಳಲ್ಲೇ ಸೇರಬೇಕು ಎಂಬುದು ನಮ್ಮ ಖಂಡಿತ ಅಭಿಪ್ರಾಯ.

ಇನ್ನು ಗಂಟುಮೂಟೆ. ಯುರೋಪಿನ ಒಕ್ಕೂಟದ ಸುಂಕದ ನಿಯಮ ನಮ್ಮ ಕಡೆಯ ಅಡುಗೆಮನೆಗೆ ವಿಚಿತ್ರವಾಗಿ ತಾಗುತ್ತದೆ. ಮನೆಯ ತುಪ್ಪ ನಿಷಿದ್ಧ, ಹಾಲಿನ ಪದಾರ್ಥ ಯಾವುದೂ ನಡೆಯುವುದಿಲ್ಲ, ಮಾಂಸವೂ ಇಲ್ಲ. ಆದರೆ ಒಣ ಮೀನು, ಒಣ ಶೆಟ್ಲಿಗೆ ಅಡ್ಡಿ ಇಲ್ಲ, ಒಬ್ಬರಿಗೆ 20 ಕಿಲೋವರೆಗೆ. ವಾಸನೆ ಹೊರಬಾರದಂತೆ ಎರಡು ಪದರ ಮುಚ್ಚಿಸಿ. ಜೇನುತುಪ್ಪ 2 ಕಿಲೋ. ಹಸಿ ಸೊಪ್ಪು, ಹಣ್ಣು, ಗಿಡಕ್ಕೆ 2019ರ ಡಿಸೆಂಬರಿನಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕರಿಬೇವು, ಕವಳದ ಎಲೆ, ಮಾವಿನಹಣ್ಣು ಇದರಲ್ಲಿ ಬಂದವು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಒಣಗಿದ ಮುರುಗಲು ಸಿಪ್ಪೆ, ಹಲಸಿನ ಹಪ್ಪಳ ನಿರಾತಂಕ. ಉಪ್ಪಿನಕಾಯಿ, ಬೆಲ್ಲ ಕೈಚೀಲದಲ್ಲಿ ಬೇಡ, ದ್ರವವೆಂದು ತೆಗೆದಿಡುತ್ತಾರೆ.

ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್, ಹಾಗಾಗಿ ಇಲ್ಲಿಯ ಮಿಕ್ಸಿ ಕಾಯಿ ರುಬ್ಬಲು ಹಾಗೇ ನಡೆಯುತ್ತದೆ, ಪ್ಲಗ್ ಮಾತ್ರ ಬೇರೆ. ಅರ್ಥಿಂಗ್ ಇರುವ ಗಟ್ಟಿ ಅಡಾಪ್ಟರ್ ಬೇಕು. ಗ್ಯಾಸ್ ಒಲೆ ಅಪರೂಪ. ಕುಕ್ಕರ್ ಕೊಳ್ಳುವಾಗ ಇಂಡಕ್ಷನ್ ತಳದ್ದನ್ನೇ ನೋಡಿ, ಆಯಸ್ಕಾಂತ ಹಿಡಿಯದ ಅಲ್ಯೂಮಿನಿಯಂ ಕುಕ್ಕರ್ ಅಲ್ಲಿ ಇಂಡಕ್ಷನ್ ಒಲೆಯ ಮೇಲೆ ಬಿಸಿಯಾಗುವುದಿಲ್ಲ. ಬೀಡಿನ ದೋಸೆ ಕಾವಲಿ ಚೆನ್ನಾಗಿ ನಡೆಯುತ್ತದೆ. ಚಳಿಯ ಜಾಕೀಟು, ಬೂಟನ್ನು ಇಲ್ಲಿ ಕೊಳ್ಳಬೇಡಿ, ಅಲ್ಲೇ ಕೊಳ್ಳಿ. ಒಳಗೆ ಉಣ್ಣೆಯ ತೆಳು ಅಂಗಿ, ಬೂಟಿನಡಿ ಕಟ್ಟುವ ಮೊಳೆಪಟ್ಟಿ, ಬಟ್ಟೆಗೆ ಸಿಕ್ಕಿಸುವ ಬೆಳಕು ಹಿಂದೆರಚುವ ಪಟ್ಟಿ ಮುಖ್ಯ. ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನ ಹಗಲು ಆರು ಗಂಟೆಯಷ್ಟೇ.

ಭಾರತದ ವಾಹನ ಚಾಲನಾ ಪರವಾನಗಿ, ಅಲ್ಲಿ ನಿಮ್ಮ ನೋಂದಣಿಯಾದ ದಿನದಿಂದ ಒಂದು ವರ್ಷ ನಡೆಯುತ್ತದೆ. ಬದಲಿಸಿ ಕೊಡುವುದಿಲ್ಲ, ಮೊದಲಿನಿಂದ ಪರೀಕ್ಷೆ: ಕಲಿಕಾ ಅನುಮತಿ, ಅಪಾಯ ತರಬೇತಿಯ ಎರಡು ಭಾಗ, 65 ಪ್ರಶ್ನೆಗಳಲ್ಲಿ 52 ಸರಿಯಿರಬೇಕಾದ ಲಿಖಿತ ಪರೀಕ್ಷೆ, ಆಮೇಲೆ ರಸ್ತೆ. ವರ್ಷ ಮುಗಿಯುವ ಆರು ತಿಂಗಳ ಮೊದಲೇ ಶುರುಮಾಡಬೇಕು.

ಆಯಿ, ಅಪ್ಪನನ್ನು ಕರೆಸುವವರಿಗೆ: ಪ್ರವಾಸಿ ವೀಸಾದಲ್ಲಿ 180 ದಿನಕ್ಕೆ 90 ದಿನ. ವಿಮೆ ಕನಿಷ್ಠ 30,000 ಯೂರೋದ್ದು ಕಡ್ಡಾಯ, ಹೊಸದಾಗಿ ಬರುವ ಕಾಯಿಲೆಗಷ್ಟೇ ಅಲ್ಲ, ಮೊದಲಿನಿಂದ ಇರುವ ಕಾಯಿಲೆಗೂ ಅನ್ವಯಿಸುವುದೇ ಎಂದು ಓದಿ ನೋಡಿ. ಭೇಟಿಗೆ ಬಂದವರು ಆಸ್ಪತ್ರೆಯ ಪೂರ್ತಿ ಖರ್ಚು ಕೊಡಬೇಕು. ತೋಟದ ಮನೆಯವರಿಗೆ ದಿನ ಹೊಂದಿಸುವುದೇ ಕಷ್ಟ: ನವೆಂಬರಿನಿಂದ ಅಡಿಕೆ ಕೊನೆ ಕೊಯ್ಲು, ಮಳೆ ಹಿಡಿಯುವ ಮೊದಲು ಮದ್ದು ಹೊಡೆಯಬೇಕು, ಆರು ವಾರ ಬಿಟ್ಟು ಮತ್ತೊಮ್ಮೆ. ಎರಡನೇ ಮದ್ದು ಮುಗಿಸಿ ಆಗಸ್ಟಿನಲ್ಲಿ ಹೊರಟರೆ ಅಲ್ಲಿ ಇನ್ನೂ ಬೆಳಕು, ಬೆಚ್ಚಗೆ ಇರುತ್ತದೆ, ಕೊಯ್ಲಿಗೆ ಮುಂಚೆ ವಾಪಸ್ ಬರಬಹುದು. ವೀಸಾ ಅರ್ಜಿಯನ್ನು ಹೊರಡುವ ಆರು ತಿಂಗಳ ಮೊದಲಿನಿಂದ ಹಾಕಬಹುದು, ಏಪ್ರಿಲ್ ತಿಂಗಳಲ್ಲೇ ಹಾಕಿಬಿಡಿ.